ಪಡಸಾಲೆಯ ಗ್ಯಾದರಿಂಗ್

ನಮ್ಮದು ಹಿಟ್ಟಿನ ಗಿರಣಿ. ಕುಂದಗೋಳದ ಕಡೆಯಿಂದ ಬರುವ ಬಸ್ಸು ನಮ್ಮ ಊರಲ್ಲಿ ತಿರುಗಿಕೊಳ್ಳುವ ಜಾಗದ ಎದುರಿಗೇ, ಮನೆಗೆ ಅಂಟಿಕೊಂಡು ಇದೆ. ಮುಂಜಾನೆ ಜೋಳ, ಗೋಧಿ. ಮಧ್ಯಾಹ್ನದ ಮೇಲೆ ಖಾರ ಕುಟ್ಟುವ ಮಶೀನು. ಮಾವನವರು ಹಾಕಿದ ಗಿರಣಿ ಅದು. ಅವರು ತೀರಿಕೊಂಡ ಮೇಲೆ ನಾನೇ ನಡೆಸುತ್ತ ಬಂದಿದ್ದೇನೆ. ಯಜಮಾನರು ಗೂಡ್ಸ್ ಟೆಂಪೋ ಗಾಡಿ ಹೊಡೆಯುತ್ತಾರೆ. ಹುಬ್ಬಳ್ಳಿಗೆ ಹೋಗಿ ಬರುವುದರಲ್ಲಿ ಅವರ ದಿನ ಕಳೆಯುತ್ತದೆ. ದಿನವಿಡೀ ಮೋಟಾರಿನ ಪಟ್ಟಾದ ಪಟಪಟ ಸದ್ದಿನಲ್ಲಿ, ಮೂಗಿಗೆ ಸೆರಗು ಕಟ್ಟಿಕೊಂಡು, ಬಂದವರೊಡನೆ ಕೂಗಿ ಕೂಗಿ ಮಾತಾಡಿ, ಸಂಜೆ ಸ್ವಿಚ್ಚು ಆರಿಸಿದಾಗ ನನ್ನ ತಲೆಯೊಳಗೆ ಗಿರಣಿ ಇನ್ನೂ ತಿರುಗುತ್ತಲೇ ಇರುತ್ತದೆ. ಆ ಹೊತ್ತಿಗೆ ನನಗೆ ಬೇಕಾಗುವುದು ಒಂದು ಕಪ್ ಚಹಾ, ಮತ್ತು ಯಾರ ದನಿಯೂ ಕೇಳದ ಒಂದು ಮೂಲೆ.

ಸರಿಯಾಗಿ ಅದೇ ಹೊತ್ತಿಗೆ ನನ್ನ ಮಗಳ ಕಾರ್ಯಕ್ರಮ ಶುರುವಾಗುತ್ತಿತ್ತು.

ಆಗ ಅವಳು ಎರಡನೆಯ ಇಯತ್ತೆ. ಪಡಸಾಲೆಯ ಕಂಬದಿಂದ ಕಿಟಕಿಯ ಸರಳಿಗೆ ನನ್ನ ಹಳೆಯ ಸೀರೆಯೊಂದನ್ನು ಕಟ್ಟಿ ಪರದೆ ಮಾಡುತ್ತಿದ್ದಳು. ಅದರ ಮುಂದೆ ಒಂದು ಚಾಪೆ. ಚಾಪೆಯ ಮೇಲೆ ನಾನು, ನಮ್ಮ ಅತ್ತೆ. ನಾನು ಇನ್ನೂ ಕೈಗೆ ಹತ್ತಿದ ಖಾರದ ಘಾಟು ತೊಳೆದುಕೊಂಡಿರುತ್ತಿರಲಿಲ್ಲ, ಅಷ್ಟರಲ್ಲಿ ಅವಳು ಬಂದು ಸೆರಗು ಹಿಡಿದು ಎಳೆಯುತ್ತಿದ್ದಳು. ಏಳುವಂತಿಲ್ಲ, ಫೋನು ನೋಡುವಂತಿಲ್ಲ, ಮುಗಿಯುವ ಮೊದಲು ಒಳಗೆ ಹೋಗುವಂತಿಲ್ಲ. ಮೊದಲು ಅವಳೇ ನಿರೂಪಕಿಯಾಗಿ ಹೊರಗೆ ಬರುತ್ತಿದ್ದಳು. ಕೈಯಲ್ಲಿ ಲಟ್ಟಣಿಗೆ, ಅದೇ ಮೈಕು. ಶಾಲೆಯ ಟೀಚರ ದನಿಯನ್ನು ಮೂಗಿನಲ್ಲಿ ತೆಗೆದು, ಈಗ ನಿಮ್ಮ ಮುಂದೆ ಇಂಥ ಹುಡುಗಿ ಬರುತ್ತಾಳೆ, ದೊಡ್ಡ ಚಪ್ಪಾಳೆ ಕೊಡಿ ಎನ್ನುತ್ತಿದ್ದಳು. ನಾವು ಕೊಟ್ಟದ್ದು ಸಣ್ಣದಾಯಿತು ಎನಿಸಿದರೆ ಪರದೆಯ ಹಿಂದಿನಿಂದಲೇ ಇನ್ನೊಮ್ಮೆ ಹೊಡೆಯಿರಿ ಎಂದು ಕೂಗುತ್ತಿದ್ದಳು.

ಆಮೇಲೆ ಕುಣಿತ. ಕುಣಿತದ ನಂತರ ಜಾದೂ. ಜಾದೂ ಎಂದರೆ ಗುಂಡಿಯೊಂದನ್ನು ಮುಷ್ಟಿಯಲ್ಲಿ ಮುಚ್ಚಿ, ನಮಗೆ ಕಾಣುವ ಹಾಗೆಯೇ ಬೆನ್ನ ಹಿಂದೆ ಬಿಸಾಡಿ, ಮಾಯವಾಯಿತು ಎನ್ನುವುದು. ಕೊನೆಗೆ ನಾಟಕ. ಅದರಲ್ಲಿ ರಾಜಕುಮಾರಿ, ದೆವ್ವ, ರಾಜ, ಪೊಲೀಸ್ ಎಲ್ಲರೂ ಅವಳೇ. ಕಥೆ ಎಲ್ಲಿಂದಲೋ ಹೊರಟು ಎಲ್ಲಿಗೂ ಹೋಗುತ್ತಿರಲಿಲ್ಲ. ದೆವ್ವ ಅಡುಗೆ ಮಾಡುತ್ತಿತ್ತು, ಪೊಲೀಸ್ ಸತ್ತು ಎದ್ದು ಮತ್ತೆ ಸಾಯುತ್ತಿದ್ದ. ಇನ್ನೇನು ಮುಗಿಯಿತು ಎಂದು ನಾನು ಕಾಲು ಸಡಿಲ ಮಾಡುವಷ್ಟರಲ್ಲಿ ಅವಳು ನಿಂತು ಬಿಡುತ್ತಿದ್ದಳು.

“ತಡಿ ತಡಿ, ತಪ್ಪಾತು. ಮೊದಲಿಂದ.”

ಆ ಮಾತು ಕೇಳಿ ನಾನು ಸಡಿಲ ಮಾಡಿದ ಕಾಲನ್ನು ಮತ್ತೆ ಮಡಚುತ್ತಿದ್ದೆ. ಪಕ್ಕದಲ್ಲಿಟ್ಟ ಚಹಾದ ಮೇಲೆ ಕೆನೆ ಕಟ್ಟಿ ಸುಕ್ಕಾಗುವುದನ್ನು ನೋಡುತ್ತ, ಮುಖದ ಮೇಲೆ ನಗುವನ್ನು ಎಳೆದು ಹಿಡಿದು ಕೂತಿರುತ್ತಿದ್ದೆ. ಆ ನಗು ಎಂಥದೆಂದು ನನಗೆ ಗೊತ್ತಿತ್ತು. ಒಮ್ಮೆ ಎದುರಿನ ಕಪಾಟಿನ ಕನ್ನಡಿಯಲ್ಲಿ ಕಂಡಿತ್ತು. ಹಲ್ಲು ಕಾಣುತ್ತಿದ್ದವು, ಕಣ್ಣು ಸತ್ತಿದ್ದವು. ಫೋಟೋ ಅಂಗಡಿಯವನು ನಗ್ರೀ ಎಂದಾಗ ಜನ ನಗುತ್ತಾರಲ್ಲ, ಹಾಗೆ.

ಮಗಳ ಮೇಲೆ ನನಗೆ ಪ್ರೀತಿ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಅವಳಿಗೆ ಜ್ವರ ಬಂದರೆ ಗಿರಣಿ ಬಂದ್ ಮಾಡಿ ಕೂರುತ್ತಿದ್ದವಳು ನಾನು. ಆದರೆ ಜ್ವರ ಬಂದ ಕೂಸಿನ ಹಣೆ ಮುಟ್ಟುವುದು ಬೇರೆ, ಅದೇ ಕೂಸಿನ ದೆವ್ವದ ನಾಟಕವನ್ನು ದಿನವೂ ನೋಡುವುದು ಬೇರೆ. ಎರಡನ್ನೂ ಒಂದೇ ಎಂದು ಜನ ಯಾಕೆ ಹೇಳುತ್ತಾರೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ನಾಟಕಕ್ಕಿಂತ ಕೆಟ್ಟದ್ದು ಅವಳ ಹೋಟೆಲು. ಗಿರಣಿಯ ಹಿಂದಿನ ಮೆಟ್ಟಿಲ ಕೆಳಗೆ ಅವಳ ಹೋಟೆಲಿತ್ತು. ನಾನು ಗುಡಿಸಿ ಚೆಲ್ಲಿದ ಹಿಟ್ಟನ್ನು, ಅದರಲ್ಲಿದ್ದ ಕೂದಲು, ಹುಳ, ಧೂಳಿನ ಸಮೇತ ಬಳಿದುಕೊಂಡು ಹೋಗಿ ಡಬ್ಬಿಯ ಮುಚ್ಚಳಗಳಲ್ಲಿ ಕಲಸಿಡುತ್ತಿದ್ದಳು. ಅದು ಅಲ್ಲಿಯೇ ದಿನಗಟ್ಟಲೆ ಕೂತು ಹುಳಿತು, ಗುಳ್ಳೆ ಬಂದು, ಸತ್ತ ಇಲಿಯ ಹಾಗೆ ನಾರುತ್ತಿತ್ತು. ಒಂದು ಸಂಜೆ ಅದನ್ನೇ ಎಲೆಯ ಮೇಲೆ ಹಚ್ಚಿ, ದೋಸೆ ಎಂದು ತಂದಳು. ನಾನು ಎಂದಿನಂತೆ ಬಾಯಿಯ ಹತ್ತಿರ ಹಿಡಿದು ಚಪ್ಪರಿಸಿದೆ. ಅವಳು ಒಪ್ಪಲಿಲ್ಲ.

“ತಿಂದಂಗ ಮಾಡಬ್ಯಾಡ ಮಮ್ಮಿ. ಖರೇನ ತಿನ್ನು,” ಎಂದು ಎಲೆಯನ್ನು ನನ್ನ ಬಾಯಿಗೆ ಒತ್ತಿದಳು.

ಅದು ತುಟಿಗೆ ಹತ್ತಿತು, ಹಲ್ಲಿಗೂ ತಾಗಿತು. ತಣ್ಣಗೆ, ಲೋಳೆಲೋಳೆಯಾಗಿ. ನಾನು ಬಚ್ಚಲಿಗೆ ಓಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿದೆ. ಬಾಯಿ ತೊಳೆದು ಹೊರಗೆ ಬಂದರೆ ಅವಳು ಬಾಗಿಲಲ್ಲೇ ನಿಂತಿದ್ದಳು. ಹೇಗಿತ್ತು ಎಂದು ಕೇಳಿದಳು. ಭಾಳ ಚಲೋ ಇತ್ತವಾ ಎಂದೆ. ಹಾಗೆ ಹೇಳಿದ ನನ್ನ ಬಾಯಿಯ ಬಗ್ಗೆ, ಆ ಹಿಟ್ಟಿನ ಬಗ್ಗೆ ಬಂದದ್ದಕ್ಕಿಂತ ಹೆಚ್ಚು ಹೇಸಿಗೆ ಬಂತು.

ಯಜಮಾನರು ಮನೆಯಲ್ಲಿರುವ ಭಾನುವಾರ ಇದೆಲ್ಲ ಎರಡು ಪಟ್ಟು. ಅವರು ಚಾಪೆಯ ಮೇಲೆ ಕೂರುವವರಲ್ಲ. ಫೋನು ಹಿಡಿದು ವಿಡಿಯೋ ಮಾಡುವವರು. ಅವಳ ಎಕ್ಸ್‌ಪ್ರೆಶನ್ ನೋಡ, ಎಂದು ನನಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಆ ವಿಡಿಯೋ ಮನೆತನದವರ ಗ್ರೂಪಿಗೆ ಹೋಗುತ್ತಿತ್ತು. ಮಿಶ್ರಿಕೋಟಿಯಲ್ಲಿರುವ ಅವರ ತಂಗಿ ಅದಕ್ಕೆ ಉತ್ತರವಾಗಿ ತನ್ನ ಮಗನ ವಿಡಿಯೋ ಕಳಿಸುತ್ತಿದ್ದಳು. ಆ ಹುಡುಗ ಕೈಕಟ್ಟಿ ನಿಂತು, ಕಣ್ಣು ಮೇಲೆ ಮಾಡಿ, ಉಸಿರು ಬಿಡದೆ ಇಂಗ್ಲಿಷ್ ಪದ್ಯ ಒಪ್ಪಿಸುತ್ತಿದ್ದ. ಇವರು ಒಂದು ಹಾಕಿದರೆ ಅವರು ಇನ್ನೊಂದು. ಎಲ್ಲರೂ ಚಪ್ಪಾಳೆಯ ಚಿತ್ರ ಒತ್ತುತ್ತಿದ್ದರು. ಒಂದು ದಿನ ಯಜಮಾನರ ಪಕ್ಕದಲ್ಲೇ ಕೂತು ಊಟ ಮಾಡುವಾಗ ಕಂಡೆ: ತಂಗಿಯ ಮಗನ ವಿಡಿಯೋ ಬಂತು, ಅವರು ಅದನ್ನು ತೆರೆಯಲೇ ಇಲ್ಲ, ಎಡಗೈ ಹೆಬ್ಬೆಟ್ಟಿನಿಂದ ಚಪ್ಪಾಳೆ ಒತ್ತಿ, ಬಲಗೈಯಿಂದ ರೊಟ್ಟಿ ಮುರಿದರು. ಹಾಗಾದರೆ ನಮ್ಮ ಮಗಳಿಗೆ ಬರುವ ಚಪ್ಪಾಳೆಗಳೂ ಹೀಗೆಯೇ ಬರುತ್ತಿರಬೇಕು ಎಂದು ನನಗೆ ಹೊಳೆಯಿತು. ಇಡೀ ಮನೆತನ ಒಬ್ಬರ ಕೂಸನ್ನು ಒಬ್ಬರು ನೋಡದೆ ಹೊಗಳುತ್ತ ಕೂತಿತ್ತು.

ಆ ವರ್ಷ ಚಳಿಗಾಲದಲ್ಲಿ ಶಾಲೆಯ ಗ್ಯಾದರಿಂಗ್, ವರ್ಷಕ್ಕೊಮ್ಮೆಯ ಸಮಾರಂಭ, ಬಂತು. ಮಗಳು ರಾಣಿಯ ವೇಷ ಹಾಕಿ ನಾಕು ಮಾತು ಹೇಳಬೇಕಿತ್ತು. ಹುಬ್ಬಳ್ಳಿಯಿಂದ ಬಾಡಿಗೆಗೆ ತಂದ ಪೋಷಾಕು. ಅದರ ಜೊತೆ ಬಂದ ಸುಳ್ಳು ಕೂದಲಿನ ಟೋಪನ್ನನ್ನು ಚೀಲದಿಂದ ತೆಗೆದಾಗ ನಾನು ಮುಖ ತಿರುಗಿಸಿದೆ. ಎಷ್ಟು ಮಕ್ಕಳ ತಲೆಯ ಎಣ್ಣೆ, ಬೆವರು ಅದರಲ್ಲಿ ಇಂಗಿತ್ತೋ; ಹಳೆಯ ಹಾಸಿಗೆಯನ್ನು ಮಳೆಯಲ್ಲಿ ನೆನೆಸಿಟ್ಟ ವಾಸನೆ. ಅದನ್ನು ನನ್ನ ಮಗಳ ತಲೆಗೆ ಒತ್ತಿ ಪಿನ್ನು ಚುಚ್ಚಬೇಕಿತ್ತು. ಶಾಲೆಯ ಒಂದು ಕೋಣೆಯಲ್ಲಿ ಎಲ್ಲ ಮಕ್ಕಳನ್ನೂ ಕೂಡಿಹಾಕಿ ಮುಖಕ್ಕೆ ಒಂದೇ ಸ್ಪಂಜಿನಿಂದ ಬಣ್ಣ ಬಳಿಯುತ್ತಿದ್ದರು. ಒಬ್ಬನ ಸಿಂಬಳ ಇನ್ನೊಬ್ಬಳ ಕೆನ್ನೆಗೆ. ಕೋಣೆಯಲ್ಲಿ ಉಸಿರಾಡಲು ಗಾಳಿಯಿರಲಿಲ್ಲ. ಪೌಡರು, ಮೂತ್ರ, ಬಾಳೆಹಣ್ಣಿನ ಸಿಪ್ಪೆ ಎಲ್ಲ ಸೇರಿದ ಒಂದು ಬಿಸಿ ನಾತ. ಸಣ್ಣ ಹುಡುಗಿಯರ ತುಟಿಗೆ ಬಳಿದ ಕೆಂಪು ಹಲ್ಲಿಗೆಲ್ಲ ಹತ್ತಿತ್ತು.

ನಮ್ಮ ಓಣಿಯಲ್ಲೇ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ಅಲ್ಲಿ ತನ್ನ ಮಗನಿಗೆ ಸೈನಿಕನ ಬೆಲ್ಟು ಬಿಗಿಯುತ್ತಿದ್ದಳು. ಅವಳು ನನ್ನ ಕಿವಿಯ ಹತ್ತಿರ ಬಾಗಿದಳು.

“ಅಕ್ಕಾರ, ಒಂದು ಮಾತು ಹೇಳ್ಲಿ? ಈ ಹಾಡಿಗೆ ಇಂವ ತಿಂಗಳಾತು ಮನ್ಯಾಗ ಕುಣಿಯಾಕತ್ತು. ಈಗ ಆ ಹಾಡು ಕಿವಿಗೆ ಬಿದ್ರ ನನಗ ಹಲ್ಲು ಜುಮ್ ಅಂತಾವ. ಇವಂದು ಮುಗದಿದ್ದ ತಡಾ ನಾ ಹೊಂಟೆ.”

ನನಗೆ ಎಷ್ಟು ಹಗುರವಾಯಿತೆಂದರೆ, ಅವಳ ಕೈ ಹಿಡಿಯಬೇಕೆನಿಸಿತು. ನನಗೂ ಹಾಗೆಯೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಟೀಚರೊಬ್ಬರು ಬಾಗಿಲಲ್ಲಿ ಇಣುಕಿದರು. ಆ ಹೆಣ್ಣುಮಗಳು ನೆಟ್ಟಗೆ ನಿಂತು, ಮುಖದ ತುಂಬ ಬೆಳಕು ತಂದುಕೊಂಡು, ಮಕ್ಕಳ ಆಟ ನೋಡುವುದೇ ಒಂದು ಭಾಗ್ಯ ಬಿಡ್ರಿ ಟೀಚರ್ ಎಂದಳು. ನಾನೂ ಹೌದ್ರಿ ಎಂದೆ. ಇಬ್ಬರೂ ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊರಗೆ ಪೆಂಡಾಲಿನಲ್ಲಿ ನಡೆದದ್ದೂ ಅದೇ. ಯಾರ ಮಗು ವೇದಿಕೆಗೆ ಬಂತೋ ಅವರು ಮುಂದೆ ನುಗ್ಗಿ, ಹಿಂದಿದ್ದವರಿಗೆ ಬೆನ್ನು ತೋರಿಸಿ, ಫೋನು ಎತ್ತಿ ಹಿಡಿಯುತ್ತಿದ್ದರು. ಆ ಮಗುವಿನ ಹಾಡು ಮುಗಿದದ್ದೇ ಅದನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಟು ಹೋಗುತ್ತಿದ್ದರು. ಅತಿಥಿಯಾಗಿ ಬಂದವರು ಹಾರದ ಹಿಂದೆ ಬಾಯಿ ಮುಚ್ಚಿಕೊಂಡು ಆಕಳಿಸುತ್ತಿದ್ದರು. ನನ್ನ ಮಗಳ ಸರದಿ ಬರುವ ಹೊತ್ತಿಗೆ ಖುರ್ಚಿಗಳು ಅರ್ಧ ಖಾಲಿ. ಅವಳು ನಾಕು ಮಾತಿನಲ್ಲಿ ಎರಡನ್ನು ಹೇಳಿ, ಟೋಪನ್ನಿನ ಕೆಳಗೆ ಬೆರಳು ತೂರಿಸಿ ಪರಪರ ಕೆರೆದುಕೊಂಡು, ಕತ್ತಿ ತೋರಿಸಿ ಒಳಗೆ ಹೋದಳು. ಯಜಮಾನರು ಅದನ್ನೇ ಗ್ರೂಪಿಗೆ ಹಾಕಿದರು. ಆ ವಾರವಿಡೀ ನಾನು ಅವಳ ತಲೆಯಿಂದ ಹೇನು ಹೆಕ್ಕುತ್ತ ಕೂತೆ.

ಇಷ್ಟೆಲ್ಲದರ ನಡುವೆ ನನಗೆ ಅಚ್ಚರಿ ನಮ್ಮ ಅತ್ತೆಯದು. ಅವರು ಎಂದೂ ಬೇಸರ ಮಾಡಿಕೊಂಡವರಲ್ಲ. ಚಾಪೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು, ತಲೆಯ ಮೇಲೆ ಸೆರಗು ಹೊದ್ದು, ಮುಗುಳುನಗುತ್ತ ಕೂತಿರುತ್ತಿದ್ದರು. ನಾನು ಚಪ್ಪಾಳೆ ಹೊಡೆಯುವ ಹೊತ್ತಿಗೆ ಸರಿಯಾಗಿ ಹೊಡೆಯುತ್ತಿದ್ದರು. ಅವರನ್ನು ನೋಡಿ, ಹಳೆಯ ಕಾಲದವರ ಮನಸ್ಸು ದೊಡ್ಡದು, ನನ್ನದೇ ಸಣ್ಣ ಜೀವ ಎಂದುಕೊಳ್ಳುತ್ತಿದ್ದೆ. ಒಂದು ಸಂಜೆ ದೆವ್ವದ ನಾಟಕ ನಡೆದಿತ್ತು. ಅಡುಗೆಮನೆಯಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಅತ್ತೀ, ಒಲಿ ಮ್ಯಾಲೆ ಹಾಲಿಟ್ಟಿದ್ರೇನ್ರಿ ಎಂದು ಕೇಳಿದೆ. ಅವರು ನಗುತ್ತಲೇ ಇದ್ದರು. ಇನ್ನೊಮ್ಮೆ ಜೋರಾಗಿ ಕೇಳಿದೆ. ನನ್ನ ತುಟಿ ಅಲುಗಿದ್ದು ಕಂಡು ಅವರು ಚಪ್ಪಾಳೆ ಹೊಡೆದರು.

ಆಗ ಅವರ ಕಿವಿ ನೋಡಿದೆ. ಗಿರಣಿಯ ಸದ್ದಿಗೆ ಮಂದವಾದ ಆ ಕಿವಿಗೆ ನಾವು ಹುಬ್ಬಳ್ಳಿಯಲ್ಲಿ ಮಶೀನು ಹಾಕಿಸಿದ್ದೆವು. ಕಿವಿ ಬರಿದಾಗಿತ್ತು. ಮಶೀನು ಅವರ ಎಲೆ ಅಡಿಕೆಯ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಬೆಚ್ಚಗೆ ಕೂತಿತ್ತು.

ಮಗಳು ಆಡಲು ಹೊರಗೆ ಹೋದ ಮೇಲೆ ಅವರ ಮುಂದೆ ಹೋಗಿ ಕೂತೆ. ಅವರು ಮಶೀನು ಹಾಕಿಕೊಂಡರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಮೊದಲಿನಿಂದಲೂ ಎಂದರು. ಚಪ್ಪಾಳೆಯ ಹೊತ್ತು ಹೇಗೆ ಗೊತ್ತಾಗುತ್ತದೆ ಎಂದೆ.

“ನೀ ಹೊಡದ್ರ ನಾ ಹೊಡೀತೀನಿ,” ಎಂದರು. ಸ್ವಲ್ಪ ಹೊತ್ತು ಅಡಿಕೆ ಜಗಿದು, “ನೀ ಅಗದಿ ಖುಷೀಲೆ ನೋಡ್ತಿದ್ದಿ. ಹೆಂಗ ಹೇಳೂದಂತ ಸುಮ್ನಿದ್ದೆ,” ಎಂದರು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಇಬ್ಬರು ಹೆಂಗಸರು, ಇಡೀ ಒಂದು ವರ್ಷ, ಒಬ್ಬರಿಗಾಗಿ ಒಬ್ಬರು ನಗುತ್ತ ಕೂತಿದ್ದೆವು. ಇಂಥ ಸುಳ್ಳಿನ ಮೇಲೆ ಆ ಹುಡುಗಿಯನ್ನು ದಿನವೂ ಕುಣಿಸಿದ್ದೆವು. ಆದರೂ ಮರುದಿನ ಸಂಜೆ ಇಬ್ಬರೂ ಅದೇ ಚಾಪೆಯ ಮೇಲೆ ಕೂತೆವು. ಅವಳ ಕಣ್ಣು ನಮ್ಮ ಮೇಲೆಯೇ ಇರುತ್ತಿದ್ದವು; ಏಳುವ ಧೈರ್ಯ ಯಾರಿಗೂ ಆಗಲಿಲ್ಲ.

ಎಲ್ಲ ಒಡೆದದ್ದು ಮಿಶ್ರಿಕೋಟಿಯಲ್ಲಿ. ಯಜಮಾನರ ತಂಗಿಯ ಮನೆಯಲ್ಲಿ ಅವಳ ನೆಗೆಣ್ಣಿಗೆ ಕುಬಸ. ಬಸುರಿಯನ್ನು ಹಸಿರು ಸೀರೆಯಲ್ಲಿ ಕೂರಿಸಿ, ಉಡಿ ತುಂಬಿ, ಆರತಿ ಮಾಡಿ, ಎಲ್ಲ ಚೆನ್ನಾಗಿಯೇ ಆಯಿತು. ಆಮೇಲೆ ಊಟ. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಬಗೆಬಗೆಯ ಬುತ್ತಿ. ಮಗಳಿಗೆ ಹೋಳಿಗೆ ಎಂದರೆ ಪ್ರಾಣ. ಅವಳ ಅತ್ತೆ, ಅಂದರೆ ನಮ್ಮ ನಾದಿನಿ, ಒಲ್ಲೆ ಎಂದರೂ ಬಿಡದೆ ಹಾಲು ಸುರಿದು ಇನ್ನೊಂದು ಹೋಳಿಗೆ ತಿನ್ನಿಸಿದಳು.

ಉಂಡವರೆಲ್ಲ ಪಡಸಾಲೆಯ ಜಮಖಾನೆಯ ಮೇಲೆ ಬಿದ್ದುಕೊಂಡಿದ್ದರು. ಗಂಡಸರು ಧೋತರ ಸಡಿಲಿಸಿ, ಹಲ್ಲಿಗೆ ಕಡ್ಡಿ ಹಾಕಿಕೊಂಡು, ಡರ್ ಎಂದು ತೇಗುತ್ತಿದ್ದರು. ಎಲೆ ಅಡಿಕೆಯ ತಾಟಿನ ಮೇಲೆ ನೊಣ. ಆಗ ನಾದಿನಿ ತನ್ನ ಮಗನನ್ನು ನಡುವೆ ತಂದು ನಿಲ್ಲಿಸಿದಳು. ಅವನು ಕಣ್ಣು ಮೇಲೆ ಮಾಡಿ ಪದ್ಯ ಒಪ್ಪಿಸಿದ. ಒಂದು ಮುಗಿದರೆ ಇನ್ನೊಂದು, ಅದು ಮುಗಿದರೆ ಮಗ್ಗಿ. ಮಲಗಿದ್ದವರು ಮಲಗಿದಲ್ಲಿಂದಲೇ ಶಾಬಾಸ್ ಎಂದರು. ಯಜಮಾನರ ಮುಖ ನೋಡಿದೆ. ತಂಗಿಯ ಮಗನಿಗೆ ಶಾಬಾಸ್ ಬಿದ್ದದ್ದು ಅವರಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಅಂಗಳದಲ್ಲಿದ್ದ ಮಗಳನ್ನು ಕರೆತಂದರು. ಅವಳು ಅವರ ಕಿವಿಯಲ್ಲಿ ಏನೋ ಹೇಳಿದ್ದು ನನಗೆ ದೂರದಿಂದ ಕಂಡಿತು. ಅವರು ತಲೆ ಅಲ್ಲಾಡಿಸಿ, ಬೆನ್ನ ಮೇಲೆ ತಟ್ಟಿ, ಅವಳನ್ನು ನಡುವೆ ನಿಲ್ಲಿಸಿ ಯಾರದೋ ಫೋನಿನಲ್ಲಿ ಹಾಡು ಹಚ್ಚಿ, ತಮ್ಮದನ್ನು ವಿಡಿಯೋ ಮಾಡಲು ಎತ್ತಿ ಹಿಡಿದರು.

ಅದೊಂದು ಸಿನೆಮಾ ಹಾಡು. ದೊಡ್ಡ ಹೆಂಗಸರು ಸೊಂಟ ತಿರುಗಿಸುವ ಹಾಡು. ನಮ್ಮ ಮನೆಯ ಪಡಸಾಲೆಯಲ್ಲಿ ನಾವೇ ಚಪ್ಪಾಳೆ ಹೊಡೆದು ಹೊಡೆದು ಅವಳಿಗೆ ಅದನ್ನು ಗಟ್ಟಿ ಮಾಡಿಸಿದ್ದೆವು. ಅಲ್ಲಿ, ಆ ಬಿದ್ದುಕೊಂಡ ಗಂಡಸರ ನಡುವೆ, ಅದೇ ಕುಣಿತ ಬೇರೆಯೇ ಕಂಡಿತು. ಯಜಮಾನರ ದೂರದ ಕಾಕಾ ಒಬ್ಬರು ಒಂದು ಮೊಳಕೈ ಊರಿ, ಹಲ್ಲಿನ ಸಂದಿಯಿಂದ ಬೇಳೆ ಕೆದರಿ ತೆಗೆದು ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡರು. ಇನ್ನೊಮ್ಮೆ ಆಗಲಿ ಎಂದರು. ಅವರ ಕಣ್ಣು ಮಾತ್ರ ತಮ್ಮ ಫೋನಿನ ಮೇಲಿತ್ತು. ಹಾಡು ಮೊದಲಿನಿಂದ ಹೊರಟಿತು. ಮಗಳು ಎರಡು ಸುತ್ತು ತಿರುಗಿದಳು. ಮೂರನೆಯದಕ್ಕೆ ನಿಂತಳು. ಅವಳ ತುಟಿ ಬೆಳ್ಳಗಾಗಿದ್ದು ಕಂಡು ನಾನು ಏಳುವಷ್ಟರಲ್ಲಿ ಅವಳು ಜಮಖಾನೆಯ ಮೇಲೆಯೇ ಕಾರಿಕೊಂಡಳು. ಹೋಳಿಗೆ, ಹಾಲು, ತುಪ್ಪ, ಎಲ್ಲವೂ. ಕಾಕಾರ ಧೋತರದ ತುದಿಯ ಮೇಲೂ ಬಿತ್ತು. ಅವರು ಥೂ ಎಂದು ಕಾಲು ಎಳೆದುಕೊಂಡರು. ಹಾಡು ನಡೆದೇ ಇತ್ತು. ಯಜಮಾನರು ಫೋನು ಇನ್ನೂ ಎತ್ತಿ ಹಿಡಿದಿದ್ದರು.

ನಾನು ಅವಳನ್ನು ಬಚ್ಚಲಿಗೆ ಒಯ್ದು ಬಾಯಿ, ಎದೆ ತೊಳೆದೆ. ಕೂದಲಿಗೆ ಹತ್ತಿದ್ದನ್ನೂ ತೊಳೆದೆ. ನಡುಗುತ್ತಿದ್ದಳು. ಹೊರಗೆ ಯಾರೋ ದೃಷ್ಟಿಯಾಗಿದೆ ಎನ್ನುತ್ತಿದ್ದರು. ಯಾರೋ ಜಮಖಾನೆ ಮಡಚುತ್ತಿದ್ದರು. ಟವೆಲು ಸುತ್ತಿ ಅವಳನ್ನು ಎತ್ತಿಕೊಂಡು ಬಂದರೆ, ನಾದಿನಿ ನಗುತ್ತ ಮುಂದೆ ಬಂದು, ಹೋಗ್ಲಿ ಬಿಡು ಪುಟ್ಟಿ, ಸ್ವಲ್ಪ ಹೊತ್ತು ಕೂತು ಹಾಡು ಪೂರ್ತಿ ಮಾಡು, ಅರ್ಧಕ್ಕೆ ಬಿಡಬಾರದು ಎಂದಳು. ಎರಡು ಮೂರು ಜನ ಹೌದು ಹೌದು ಎಂದರು. ಅವರಿಗೆ ಬೇಕಾಗಿತ್ತೆಂದೇನೂ ಅಲ್ಲ. ಹಾಗೆ ಹೇಳುವುದು ರೂಢಿ.

“ಸಾಕ್ರಿ,” ಎಂದೆ. ನನ್ನ ದನಿ ಗಿರಣಿಯಲ್ಲಿ ಮಾತಾಡುವ ದನಿಯಾಗಿತ್ತು; ಅಂಗಳದವರೆಗೂ ಹೋಯಿತು. “ಇದು ಇಲ್ಲಿ ಯಾರಿಗೂ ಬೇಕಾಗಿಲ್ಲ. ನಿಮ್ಮ ಮಗನ ಪದ್ಯಾನೂ ಬೇಕಾಗಿಲ್ಲ, ನನ್ನ ಮಗಳ ಡ್ಯಾನ್ಸೂ ಬೇಕಾಗಿಲ್ಲ. ನನಗಂತೂ ಇದನ್ನ ನೋಡಿ ನೋಡಿ ಬ್ಯಾಸರಾಗಿ ಹೋಗೈತಿ.”

ಯಜಮಾನರು ಹಾಡು ಬಂದ್ ಮಾಡಿದರು. ನಾದಿನಿಯ ಮುಖ ಕೆಂಪಾಯಿತು.

“ಹಡದ ತಾಯಿ ಆಡೂ ಮಾತೇನ್ರಿ ವೈನಿ ಇವು? ಕೂಸಿನ ಮುಂದ?” ಎಂದಳು.

ನಾನು ಉತ್ತರ ಕೊಡುವ ಮೊದಲೇ ಒಳಗಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ನಮ್ಮ ಅತ್ತೆ ಬಾಯಿ ತೆರೆದರು. ಬೀಗರ ಮನೆಯೆಂದು ಅವತ್ತು ಕಿವಿಗೆ ಮಶೀನು ಹಾಕಿಕೊಂಡೇ ಇದ್ದರು.

“ಆಕಿ ಹೇಳೂದು ಖರೆ ಐತಿ. ನನಗೂ ಬ್ಯಾಸರಾಗೈತಿ,” ಎಂದರು ತಮ್ಮ ಮಗಳಿಗೆ. “ನೀನೂ ನಿಮ್ಮಣ್ಣನೂ ಸಣ್ಣಾವ್ರಿದ್ದಾಗ ಕಟ್ಟಿ ಮ್ಯಾಲೆ ಸೋಂಗ ಹಾಕ್ತಿದ್ರಿ. ನಾ ಬುಟ್ಟಿ ತಗೊಂಡು ಸಗಣಿಗೆ ಹೊಂಟು ಬಿಡ್ತಿದ್ದೆ. ಅದರಿಂದ ನೀವೇನು ಸತ್ತೀರೇನು?”

ಕಾಕಾ ತಮ್ಮ ಧೋತರ ಒರೆಸಿಕೊಳ್ಳುತ್ತ ನೆಲ ನೋಡಿದರು. ಬಸುರಿ ಹುಡುಗಿ ಹೂವಿನ ದಂಡೆಯ ಕೆಳಗೆ ತುಟಿ ಬಿಗಿಹಿಡಿದಿದ್ದಳು; ನಗು ತಡೆದಿದ್ದಳೋ, ಅಳುವೋ ನನಗೆ ತಿಳಿಯಲಿಲ್ಲ. ನಾವು ಎಲೆ ಅಡಿಕೆ ತೆಗೆದುಕೊಳ್ಳದೆಯೇ ಹೊರಟೆವು.

ಯಜಮಾನರ ಗೂಡ್ಸ್ ಗಾಡಿಯಲ್ಲಿ ಊರ ದಾರಿ ಹಿಡಿದೆವು. ಮಗಳು ನನ್ನ ತೊಡೆಯ ಮೇಲೆ ಹುಳಿ ಹುಳಿ ನಾರುತ್ತ ಕೂತಿದ್ದಳು. ರಸ್ತೆಯ ಎರಡೂ ಕಡೆ ಭತ್ತದ ಗದ್ದೆಗಳು ಮುಗಿದು ಕರಿ ಹೊಲಗಳು ಶುರುವಾದ ಮೇಲೆ ಅವಳು ಕೇಳಿದಳು.

“ನನ್ನ ಡ್ಯಾನ್ಸ್ ಚಲೋ ಇಲ್ಲೇನು?”

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಚೆನ್ನಾಗಿದೆ, ಆದರೆ ದಿನವೂ ನೋಡಲು ಆಗುವುದಿಲ್ಲ, ನಿನ್ನ ದೆವ್ವದ ನಾಟಕ ನನಗೆ ಸೇರುವುದಿಲ್ಲ, ಹೋಟೆಲಿನ ಹಿಟ್ಟಂತೂ ತಿನ್ನಲಾರೆ ಎಂದೆ. ಅವಳು ನನ್ನ ತೊಡೆಯಿಂದ ಇಳಿದು ಅಜ್ಜಿಯ ಕಡೆ ಸರಿದು ಕೂತಳು.

ಹಲವು ದಿನ ನನ್ನೊಡನೆ ಮಾತು ಬಿಟ್ಟಳು. ಪರದೆಯ ಸೀರೆಯನ್ನು ಸುತ್ತಿಕೊಂಡು ಹೋಗಿ ಆ ಹೊಲಿಯುವ ಹೆಣ್ಣುಮಗಳ ಮನೆಯಲ್ಲಿ ಕಾರ್ಯಕ್ರಮ ಶುರು ಮಾಡಿದಳು. ಆ ಹೆಣ್ಣುಮಗಳು ಒಂದು ವಾರ ಭಾಗ್ಯ ಅನುಭವಿಸಿ, ಆಮೇಲೆ ನಮ್ಮ ಬಾಗಿಲಿಗೆ ಬಂದು, ಹೊಲಿಗೆ ಬಹಳ ಇದೆ, ಹುಡುಗಿಯನ್ನು ಸ್ವಲ್ಪ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಮುಖ ಕೆಳಗೆ ಹಾಕಿ ಹೇಳಿ ಹೋದಳು. ಆಮೇಲೆ ಮಗಳು ಓಣಿಯ ಮಕ್ಕಳನ್ನೆಲ್ಲ ನಮ್ಮ ಮಾಳಿಗೆಯ ಮೇಲೆ ಕೂಡಿಸಿದಳು. ಅಲ್ಲಿ ಎಲ್ಲರಿಗೂ ಕುಣಿಯಬೇಕು, ಯಾರಿಗೂ ಕೂತು ನೋಡುವುದು ಬೇಡ. ಎರಡನೆಯ ಸಂಜೆಗೇ ಕೂದಲು ಹಿಡಿದು ಜಗಳವಾಯಿತು. ಮಕ್ಕಳು ನಮ್ಮ ಹಾಗೆ ನಗುತ್ತ ಕೂರುವವರಲ್ಲ. ಬ್ಯಾಸರ ಬಂದರೆ ಬ್ಯಾಸರ ಎಂದು ಹೇಳಿ ಎದ್ದು ಹೋದರು. ಸೀರೆ ಮಾಳಿಗೆಯ ಮೇಲೆ ಬಿಸಿಲಿಗೆ ಬಿದ್ದು ಬಣ್ಣ ಹೋಯಿತು. ಮಗಳು ಸೈಕಲ್ ಕಲಿಯಲು ಹೊರಟಳು.

ನಾದಿನಿ ಗ್ರೂಪು ಬಿಟ್ಟು ಹೋದಳು. ನನ್ನ ಬಗ್ಗೆ ಬೀಗರಲ್ಲೆಲ್ಲ ಏನೇನು ಹೇಳಿದ್ದಾಳೆ ಎಂಬುದು ನನಗೆ ತಿರುಗಿ ಬಂದು ಮುಟ್ಟುತ್ತಲೇ ಇದೆ. ಹೊಟ್ಟೆಯಲ್ಲಿ ಕರುಳಿಲ್ಲದವಳು ನಾನು. ಅದನ್ನು ನನಗೆ ಬಂದು ಹೇಳುವವರ ಮುಖದಲ್ಲಿ ಮಾತ್ರ ಒಂದು ತರಹದ ಅಸೂಯೆ ಕಾಣುತ್ತದೆ.

ಮಳೆಗಾಲ ಶುರುವಾದ ಮೇಲೆ, ಗಿರಣಿಗೆ ಜನ ಕಡಿಮೆಯಾದ ಒಂದು ಮಧ್ಯಾಹ್ನ, ನಾನು ಗೋಧಿ ಹಸನು ಮಾಡುತ್ತಿದ್ದೆ. ಮಗಳು ಬಂದು ಎದುರಿಗೆ ಕೂತಳು. ತಾನೂ ಒಂದು ಮೊರ ಎಳೆದುಕೊಂಡಳು. ಶಾಲೆಯಲ್ಲಿ ಹುಡುಗನೊಬ್ಬ ನಿದ್ದೆಗಣ್ಣಿನಲ್ಲಿ ಹಾಜರಿ ಹೇಳುವಾಗ ಟೀಚರನ್ನು ತನ್ನ ಅಜ್ಜಿಯೆಂದುಕೊಂಡು ಆಯಿ ಎಂದು ಕರೆದದ್ದು, ಅವರ ಮುಖ ಏನಾಯಿತು ಎಂಬುದು, ಇಂಥದನ್ನೆಲ್ಲ ಹೇಳಿದಳು. ಕಲ್ಲು ಹೆಕ್ಕುತ್ತ, ನನ್ನ ಮುಖ ನೋಡದೆ ಹೇಳಿದಳು. ನಾನು ಕೈ ನಿಲ್ಲಿಸಿ ಕೇಳಿದೆ. ಬಹಳ ದಿನಗಳ ಮೇಲೆ ನನಗೆ ಅವಳೆದುರು ತಾನಾಗಿಯೇ ನಗು ಬಂದಿತ್ತು. ಹಾಗೆ ಮಾತು ಮಿಶ್ರಿಕೋಟಿಯ ಕಡೆ ಹೊರಳಿತು.

“ಅವತ್ತು ನಾ ಮೊದಲ ಪಪ್ಪಾಗ ಹೇಳಿದ್ದೆ,” ಎಂದಳು. “ಹೊಟ್ಟಿ ತಿರಗಾಕತ್ತೈತಿ, ನಾ ಒಲ್ಲೆ ಅಂತ. ಒಂದ ಹಾಡು, ಚಂದ ಮಾಡು, ಎಲ್ಲಾರೂ ನೋಡಾಕತ್ತಾರ ಅಂದ.”

ಅವಳು ಅದನ್ನು ದೂರಿನ ಹಾಗೆ ಹೇಳಿರಲಿಲ್ಲ. ಹೇಳಿ ಇನ್ನೊಂದು ಕಲ್ಲು ಹೆಕ್ಕಿ ಬಿಸಾಡಿದಳು.

ಅವತ್ತು ಸಂಜೆ ಊಟಕ್ಕೆ ಕೂತಾಗ ಯಜಮಾನರನ್ನು ಕೇಳಿದೆ. ಅವಳು ಒಲ್ಲೆ ಅಂದಿದ್ದಳಂತೆ, ಹೌದೇ ಎಂದೆ. ಇಲ್ಲವೆನ್ನಲಿಲ್ಲ. ರೊಟ್ಟಿಯನ್ನು ತಾಟಿನ ಅಂಚಿಗೆ ಇಟ್ಟರು.

“ಎಲ್ಲಾರೂ ಮಾಡಸ್ತಾರ,” ಎಂದರು.

ನನಗೆ ಅವರ ಎದುರು ಕೂತು ಉಣ್ಣಲು ಆಗಲಿಲ್ಲ. ತಾಟು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಕೆಟ್ಟ ಮನುಷ್ಯರಲ್ಲ ಅವರು. ಗಾಡಿ ನಿಲ್ಲಿಸಿದಲ್ಲೆಲ್ಲ ಮಗಳಿಗೆ ಏನಾದರೂ ತಿನ್ನಲು ತರುವವರು. ತಾವೂ ಎಂದೂ ಚಾಪೆಯ ಮೇಲೆ ಕೂತು ನೋಡದ್ದನ್ನು, ನೋಡಲು ಬೇಸರಪಡುವ ಜನರಿಗೆ ತೋರಿಸುವುದಕ್ಕಾಗಿ, ವಾಕರಿಕೆ ಬಂದ ಮಗಳನ್ನು ನಿಲ್ಲಿಸಿದ್ದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಈಗ ಅವಳು ನಾಲ್ಕನೆಯ ಇಯತ್ತೆಯಲ್ಲಿದ್ದಾಳೆ. ಮನೆಗೆ ಬೀಗರು ಬಂದರೆ ಇನ್ನೂ ಕೇಳುತ್ತಾರೆ: ಏನ್ ಬರ್ತೈತಿ ನಿನಗ, ಒಂದೀಟು ಮಾಡಿ ತೋರಸು. ಕೇಳುವವರ ಕಣ್ಣು ಆಗಲೇ ಚಹಾದ ಕಡೆ ಇರುತ್ತದೆ. ಯಜಮಾನರು ಫೋನು ತೆಗೆಯುವುದಿಲ್ಲ. ಕಿಟಕಿಯ ಹೊರಗೆ ನೋಡುತ್ತಾರೆ. ಏನೂ ಇಲ್ರಿ ಎಂದು ಹೇಳಿ ಅವಳು ಸೈಕಲ್ ತೆಗೆದುಕೊಂಡು ಬಸ್ಸು ತಿರುಗುವ ಕಡೆ ಹೊರಟು ಬಿಡುತ್ತಾಳೆ. ಹುಡುಗಿ ಉರಟಾದಳು ಎಂದು ಬಂದವರು ನನ್ನ ಮುಖ ನೋಡುತ್ತಾರೆ. ನಾನು ಹೌದ್ರಿ ಎಂದು ಅವರ ಕಪ್ಪಿಗೆ ಚಹಾ ಸುರಿಯುತ್ತೇನೆ.